ಕುಟುಂಬ ಎಂದರೆ ಯಾರು

ನಮ್ಮ ಅಪಾರ್ಟ್‌ಮೆಂಟಿನ ಬೈಲಾ ಬರೆದವಳು ನಾನೇ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಮೊದಲು ಒಪ್ಪಿಕೊಂಡುಬಿಡುವುದು ವಾಸಿ. ಪ್ರಾಥಮಿಕ ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನಿಲ್ಲಿಸಿ, ದೊಡ್ಡವರೂ ಸಾಲಾಗಿಯೇ ನಿಲ್ಲಬೇಕೆಂಬ ಹಟ ನನಗೆ ಅಂಟಿಕೊಂಡಿತ್ತು. ಸಿಟ್ಟಂತೂ ಮೂಗಿನ ತುದಿಯಲ್ಲೇ. ನಿವೃತ್ತಿಯಾದ ಮೇಲೆ ನಾನೂ ನನ್ನ ಯಜಮಾನರೂ ಶಿಗ್ಗಾಂವದಲ್ಲಿ, ಹೆದ್ದಾರಿ ಬಸ್ಸುಗಳ ಹಾರ್ನ್ ಕಿವಿಗೆ ಬೀಳುವಷ್ಟು ದೂರದಲ್ಲಿ, ಹನ್ನೆರಡು ಮನೆಗಳ ಕಟ್ಟಡದ ಎರಡನೆಯ ಮಹಡಿಗೆ ಬಂದೆವು. ಯಜಮಾನರು ಕಾಳಿನ ಪೇಟೆಯಲ್ಲಿ ಗುಮಾಸ್ತರಾಗಿದ್ದವರು. ಮಾತು ಕಡಿಮೆ, ಆಡಿದರೆ ಮಾತ್ರ ಸೂಜಿ ಚುಚ್ಚಿದ ಹಾಗೆ.

ಈ ಹನ್ನೆರಡು ಮನೆಯವರಲ್ಲಿ ಯಾರಿಗೂ ಒಂದೇ ಮೆಟ್ಟಿಲು, ಒಂದೇ ಗೇಟು ಹಂಚಿಕೊಂಡು ಬದುಕಿ ಗೊತ್ತಿರಲಿಲ್ಲ. ಕೆಲವರು ಹಾನಗಲ್ಲ ಕಡೆಯವರು, ಕೆಲವರು ಸವಣೂರ ಕಡೆಯವರು, ನಾನು ಹಿರೇಕೆರೂರ ತಾಲೂಕಿನ ಮಾಸೂರಿನವಳು. ಹೊಲ ಊರಲ್ಲಿ, ಮನೆ ಇಲ್ಲಿ. ಹೀಗಾಗಿ ಪಾರ್ಕಿಂಗಿನಲ್ಲಿ ಗೋವಿನಜೋಳದ ರಾಶಿ, ಲಿಫ್ಟಿನಲ್ಲಿ ಮೆಣಸಿನಕಾಯಿ ಚೀಲ, ಸೀನಿ ಸೀನಿ ಸಾಕಾಗುತ್ತಿತ್ತು. ಒಬ್ಬರು ಗೃಹಪ್ರವೇಶಕ್ಕೆಂದು ಆಕಳನ್ನು ಮೆಟ್ಟಿಲು ಹತ್ತಿಸಿ ಮೂರನೆಯ ಮಹಡಿಗೆ ಒಯ್ದರು. ಹತ್ತಿದ ಆಕಳು ಇಳಿಯಲು ಒಲ್ಲೆನೆಂದು ಅರ್ಧ ದಿನ ಅಲ್ಲೇ ನಿಂತಿತು. ಅವತ್ತೇ ಸಭೆ ಸೇರಿ ನಿಯಮ ಬೇಕೇ ಬೇಕು ಎಂದು ಎಲ್ಲರೂ ಒಪ್ಪಿದರು.

ಸಂಘದ ಅಧ್ಯಕ್ಷರು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತರಾದವರು. ಪುಣೆಯಲ್ಲಿರುವ ಅಳಿಯನಿಂದ ಅಲ್ಲಿಯ ಯಾವುದೋ ಸೊಸೈಟಿಯ ನಿಯಮಗಳನ್ನು ಮೊಬೈಲಿಗೆ ತರಿಸಿಕೊಂಡರು. ನನ್ನ ಮುಂದೆ ಹಿಡಿದು, "ಅಕ್ಕೋರ, ನಿಮ್ಮ ಅಕ್ಷರ ಮುತ್ತು ಪೋಣಿಸಿದಂಗ ಅದಾವು. ಇದನ್ನ ನಮ್ಮ ಮಂದಿಗೆ ತಿಳಿಯೂ ಹಂಗ ಬರದು ಕೊಡ್ರಿ" ಎಂದರು. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕೋರು ಅನ್ನುತ್ತಾರೆ. ಹೊಗಳಿದರೆ ಯಾರು ಬೇಡವೆನ್ನುತ್ತಾರೆ? ದಪ್ಪ ರಟ್ಟಿನ ನೋಟುಬುಕ್ಕು ತಂದು ಕುಳಿತೇಬಿಟ್ಟೆ.

ಆ ಹೊತ್ತಿಗೆ ಎದುರು ಮನೆಯವರಲ್ಲಿ ಮದುವೆಗೆ ಬಂದ ಬೀಗರು (ನಮ್ಮ ಕಡೆ ಮನೆಗೆ ಬಂದ ನೆಂಟರೆಲ್ಲ ಬೀಗರೇ) ಇಪ್ಪತ್ತೆರಡು ದಿನ ಠಿಕಾಣಿ ಹೂಡಿದ್ದರು. ಕಾರಿಡಾರಿನ ತುಂಬ ಚಪ್ಪಲಿ, ಟಾಕಿಯಲ್ಲಿ ಬೆಳಗಿನ ಎಂಟಕ್ಕೇ ನೀರು ಖಾಲಿ. ನಾನು ಸೋಪು ಹಚ್ಚಿಕೊಂಡು ನಿಂತಾಗ ನಳ ಕೈಕೊಟ್ಟಿತ್ತು. ಆ ಸಿಟ್ಟಿನಲ್ಲಿ ಬರೆದೆ ನೋಡಿ! ಪುಣೆಯವರ ನಿಯಮದಲ್ಲಿ ಅತಿಥಿಗಳು ತಿಂಗಳಿಗಿಂತ ಹೆಚ್ಚು ಉಳಿದರೆ ಸಂಘಕ್ಕೆ ತಿಳಿಸಿದರೆ ಸಾಕು ಎಂದಿತ್ತು. ನಾನು ಅದನ್ನು ಹದಿನೈದು ದಿನಕ್ಕೆ ಇಳಿಸಿದೆ. ತಿಳಿಸಿದರೆ ಸಾಲದು, ಹನ್ನೆರಡು ಮನೆಯವರೂ ಸಹಿ ಹಾಕಿ ಪರವಾನಗಿ ಕೊಡಬೇಕು ಎಂದು ಸೇರಿಸಿದೆ. ಹಳ್ಳಿಯಲ್ಲಿ ದೈವ, ಅಂದರೆ ಊರ ಹಿರಿಯರ ಸಭೆ, ಸೇರಿದರೆ ಒಬ್ಬರೂ ಬೇರೆ ಮಾತಾಡುವುದಿಲ್ಲವಲ್ಲ, ಹಾಗೆ ಇಲ್ಲೂ ಒಗ್ಗಟ್ಟು ಬರಲಿ ಎಂಬುದು ನನ್ನ ಲೆಕ್ಕಾಚಾರ.

ಅತಿಥಿ ಯಾರೆಂದು ಹೇಳಬೇಕಾದರೆ ಮನೆಯವರು ಯಾರೆಂದು ಮೊದಲು ಹೇಳಬೇಕು. ಮೂರನೆಯ ಕಲಮಿನಲ್ಲಿ ಬರೆದೆ: "ಕುಟುಂಬ ಎಂದರೆ ಮನೆಯ ಯಜಮಾನ, ಅವನ ಹೆಂಡತಿ, ತಂದೆತಾಯಿ, ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಮತ್ತು ಲಗ್ನವಾಗದ ಹೆಣ್ಣುಮಕ್ಕಳು." ಒಂದು ಕ್ಷಣವೂ ಪೆನ್ನು ತಡೆಯಲಿಲ್ಲ. ತಡೆಯುವುದಾದರೂ ಹೇಗೆ? ಜನಗಣತಿಗೆಂದು ಮನೆಮನೆ ಅಲೆದವಳು ನಾನು. ಮಗಳು ಜಗುಲಿಯ ಮೇಲೆ ಕಣ್ಣೆದುರಿಗೇ ಕುಳಿತಿದ್ದರೂ ಹಿರಿಯರು, "ಆಕಿನ್ನ ಕೊಟ್ಟೇವ್ರಿ, ಬರಕೋಬ್ಯಾಡ್ರಿ" ಅನ್ನುತ್ತಿದ್ದರು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಕೈಗೆ ಅದೇ ರೂಢಿಯಾಗಿತ್ತು. ಸಭೆಯಲ್ಲಿ ಗಟ್ಟಿಯಾಗಿ ಓದಿದೆ. ಏಳು ಜನ ಹೆಂಗಸರು ಕೂತಿದ್ದರು, ಎಲ್ಲರೂ ಕೊಟ್ಟ ಹೆಣ್ಣುಮಕ್ಕಳೇ. ಅವರೂ ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆಯಲ್ಲಿ ಮೂರನೆಯ ಮಹಡಿಯ ಹಾನಗಲ್ಲಾಕೆಯದೂ ಇತ್ತು. ನಮ್ಮಲ್ಲಿ ಹೆಂಗಸರನ್ನು ತವರೂರಿನ ಹೆಸರು ಹಿಡಿದು ಕರೆಯುವುದು ವಾಡಿಕೆ. ನಾನು ಮಾಸೂರ ಅಕ್ಕೋರು, ಆಕೆ ಹಾನಗಲ್ಲಾಕೆ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದಳು. ಗಟ್ಟಿ ಹೆಂಗಸು, ಮಾತೂ ಗಟ್ಟಿ. ನಿಯಮ ಜಾರಿಯಾಗಿ ಕೆಲವು ತಿಂಗಳಿಗೆ ಆಕೆಯ ಮಗಳು ಗಂಡನ ಮನೆ ಬಿಟ್ಟು ಸಣ್ಣ ಹುಡುಗಿಯೊಬ್ಬಳನ್ನು ಕಟ್ಟಿಕೊಂಡು ಬಂದಳು. ಹದಿನೈದು ದಿನ ಮುಗಿಯಿತು. ಹಾನಗಲ್ಲಾಕೆ ಅರ್ಜಿ ಹಿಡಿದು ಮನೆಮನೆ ತಿರುಗಿದಳು. ಎಲ್ಲರೂ ಸಹಿ ಹಾಕಿದರು. ನಾನು ಹಾಕಲಿಲ್ಲ.

"ಒಬ್ಬರಿಗೆ ಬಿಟ್ಟರ ಎಲ್ಲಾರಿಗೂ ಬಿಡಬೇಕಾಕ್ಕೈತಿ" ಎಂದೆ. ಗಂಡ ಹೆಂಡಿರ ಜಗಳ ಗಂಡನ ಮನೆಯಲ್ಲೇ ಬಗೆಹರಿಯಬೇಕು ಎಂದು ಬುದ್ಧಿಯನ್ನೂ ಹೇಳಿದೆ. ಯಾರು ಕೇಳಿದ್ದರು ನನ್ನ ಬುದ್ಧಿಯನ್ನು? ಹಾನಗಲ್ಲಾಕೆ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಹೋದಳು. ಎರಡು ದಿನಕ್ಕೆ ಮಗಳನ್ನೂ ಮೊಮ್ಮಗಳನ್ನೂ ಪೇಟೆಯ ಹಿಂದಿನ ಒಂದು ಬಾಡಿಗೆ ಕೋಣೆಗೆ ಸಾಗಿಸಿದಳು. ಅಲ್ಲಿಂದ ಮುಂದೆ ನನ್ನ ಜೊತೆ ಮಾತು ಬಂದ್. ಲಿಫ್ಟಿನಲ್ಲಿ ನಾನಿದ್ದರೆ ಆಕೆ ಮೆಟ್ಟಿಲು ಹತ್ತುತ್ತಿದ್ದಳು. ನಾನೇನು ಸೋತವಳೇ, ನಾನೂ ಮುಖ ತಿರುವಿದೆ.

ಹೀಗೆ ಒಂದೂವರೆ ವರ್ಷ ಕಳೆಯಿತು. ಆಗ ನನ್ನ ಮಗಳು ಬಂದಳು.

ಒಬ್ಬಳೇ ಮಗಳು ನನಗೆ. ಯಲವಿಗಿಯಿಂದ ಒಳಗೆ ಒಂದು ಹಳ್ಳಿಗೆ ಕೊಟ್ಟಿದ್ದೆವು. ಒಳ್ಳೆಯ ಜನ, ಒಳ್ಳೆಯ ಅಳಿಯ. ಆದರೆ ಎರಡು ಸಲ ಬಸಿರು ನಿಂತು ಎರಡು ಸಲವೂ ಇಳಿದುಹೋಗಿತ್ತು. ಮೂರನೆಯದಕ್ಕೆ ಐದು ತಿಂಗಳು ತುಂಬಿದಾಗ ಹುಬ್ಬಳ್ಳಿಯ ಡಾಕ್ಟರಮ್ಮ, ಹೆರಿಗೆಯವರೆಗೂ ಹಾಸಿಗೆ ಬಿಟ್ಟು ಏಳಬಾರದು, ಕುಲುಕಾಟ ಬೇಡವೇ ಬೇಡ, ಆಸ್ಪತ್ರೆ ಹತ್ತಿರವಿರುವ ಕಡೆ ಇರಲಿ ಎಂದುಬಿಟ್ಟರು. ಹೆದ್ದಾರಿಯ ಪಕ್ಕ ಇರುವುದು ನಮ್ಮ ಮನೆಯೇ. ಕುಬಸ, ಅಂದರೆ ಸೀಮಂತ, ಮಾಡಿಕೊಂಡು ಬರಬೇಕಾದ ಮಗಳು ಅದಕ್ಕೂ ಮೊದಲೇ, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು, ಕಾರಿನಿಂದ ಇಳಿದಳು. ಈ ಸಲ ಕೂಸು ಉಳಿಯಬೇಕು. ನನಗೆ ಬೇರೇನೂ ಬೇಕಿರಲಿಲ್ಲ.

ಬಂದು ಹತ್ತನೆಯ ದಿನ ಯಜಮಾನರು ಕ್ಯಾಲೆಂಡರ್ ನೋಡುತ್ತ, "ಇನ್ನ ಐದ ದಿನಾ ಉಳದಾವು" ಎಂದರು.

"ಯಾತಕ್ಕ?"

"ನಿನ್ನ ಮಗಳು ಬೀಗರಾಗಾಕ."

ಅಯ್ಯೋ ಶಿವನೇ! ನನಗೆ ಹೊಳೆದೇ ಇರಲಿಲ್ಲ. ಬಸುರಿ ಮಗಳು, ಹೆರಿಗೆ, ಆಮೇಲೆ ಬಾಣಂತನ ಐದು ತಿಂಗಳು. ಒಟ್ಟು ಒಂಬತ್ತು ತಿಂಗಳ ಅತಿಥಿ! ಪರವಾನಗಿ ಬೇಕೆಂದರೆ ಹಾನಗಲ್ಲಾಕೆಯ ಸಹಿ ಬೇಕು. ಯಾವ ಮುಖ ಹೊತ್ತು ಅವಳ ಬಾಗಿಲು ತಟ್ಟಲಿ? ಅಧ್ಯಕ್ಷರ ಕಿವಿಗೆ ಹಾಕಿದೆ. ಅವರು ನಕ್ಕು, "ಸುಮ್ಮನಿದ್ದು ಬಿಡ್ರಿ ಅಕ್ಕೋರ. ಕೇಳಾವ್ರು ನೀವ, ನಿಮ್ಮನ್ನ ಯಾರು ಕೇಳ್ತಾರ?" ಎಂದರು. ಆ ಮಾತು ಕೆನ್ನೆಗೆ ಹೊಡೆದ ಹಾಗಾಯಿತು. ಇನ್ನೊಬ್ಬರ ಮಗಳಿಗೆ ಒಂದು ನಿಯಮ, ನನ್ನ ಮಗಳಿಗೆ ಇನ್ನೊಂದೇ? ಹನ್ನೆರಡು ಮನೆಯವರ ಬಾಯಿಗೆ ಬೀಳಲೇ?

ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಈಗ ನೆನೆದರೆ ನನ್ನ ತಲೆಯನ್ನು ನಾನೇ ಗೋಡೆಗೆ ಚಚ್ಚಿಕೊಳ್ಳಬೇಕೆನಿಸುತ್ತದೆ. ನಿಯಮದಲ್ಲಿ "ಸತತ ಹದಿನೈದು ದಿನ" ಎಂದಿತ್ತು. ಹದಿನಾಲ್ಕನೆಯ ದಿನ ಮಗಳನ್ನು ಸವಣೂರಿನ ನಾದಿನಿಯ ಮನೆಗೆ ಒಯ್ದು, ಒಂದು ರಾತ್ರಿ ಇರಿಸಿ ಕರೆತಂದರೆ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ. ಹದಿನಾಲ್ಕು ದಿನಕ್ಕೊಮ್ಮೆ ಹೀಗೆ ಮಾಡಿದರಾಯಿತು!

"ತಲಿ ಗಿಲಿ ಕೆಟ್ಟೈತೇನು? ಡಾಕ್ಟರು ಏನು ಹೇಳ್ಯಾರ?" ಯಜಮಾನರು ಮೊದಲ ಸಲ ನನ್ನ ಮೇಲೆ ದನಿ ಎತ್ತಿದರು.

"ಸಾವಕಾಶ ಕಾರು ಹೊಡಿಯಂದ್ರಾತು. ನನ್ನ ರೂಲು ನಾನ ಮುರೀಲೇನು?" ಎಂದೆ. ಹಟ ಎಂದರೆ ಹಟ.

ಅವತ್ತು ಮುಂಜಾನೆ ಚೀಲ ಹಿಡಿದು ಹೊರಬಂದರೆ ಕರೆಂಟಿಲ್ಲ, ಲಿಫ್ಟು ನಿಂತಿದೆ. ಇಳಿಯುವುದಷ್ಟೇ ತಾನೇ ಎಂದು ಮಗಳ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದೆ. ಮೊದಲ ಮಹಡಿಯ ತಿರುವಿಗೆ ಬರುವಷ್ಟರಲ್ಲಿ ಅವಳ ಮುಖ ಬಿಳಿಚಿಕೊಂಡಿತು. "ಅವ್ವಾ, ಕೆಳಗ ಹಿಡದಂಗಾಗಾಕತ್ತೈತಿ" ಎಂದು ಗೋಡೆಗೆ ಒರಗಿ ಮೆಟ್ಟಿಲ ಮೇಲೆ ಕುಸಿದಳು.

ಕೆಳಗಿನಿಂದ ಹಾನಗಲ್ಲಾಕೆ ಕಾಯಿಪಲ್ಲೆ ಚೀಲ ಹಿಡಿದು ಹತ್ತಿ ಬಂದಳು. ನಮ್ಮನ್ನು ನೋಡಿದಳು. ಮಗಳ ಹೊಟ್ಟೆ ನೋಡಿದಳು, ನನ್ನ ಕೈಯಲ್ಲಿಯ ಚೀಲ ನೋಡಿದಳು.

"ಈಕಿನ್ನ ಕರ್ಕೊಂಡು ಎಲ್ಲಿಗೆ ಹೊಂಟೀರಿ?" ಒಂದೂವರೆ ವರ್ಷದ ಮೇಲೆ ನನ್ನೊಂದಿಗೆ ಆಡಿದ ಮೊದಲ ಮಾತು.

ಮಗಳೇ ಹೇಳಿದಳು: "ಸವಣೂರಿಗ್ರಿ ಕಾಕು. ನಾಳಿಗೆ ಹದಿನೈದು ದಿನಾ ತುಂಬತಾವು. ಅವ್ವನ ರೂಲು."

ಹಾನಗಲ್ಲಾಕೆ ಚೀಲವನ್ನು ದೊಪ್ಪೆಂದು ಕೆಳಗಿಟ್ಟಳು. "ಅಕ್ಕೋರ, ನಿಮಗ ಬುದ್ಧಿ ಐತೇನ್ರಿ? ಶಾಲಿ ಕಲಿಸಿದಾವ್ರು ನೀವು? ನಿಮ್ಮ ರೂಲಿಗೆ ಬೆಂಕಿ ಬೀಳ್ಲಿ! ಬಸುರಿ ಹುಡುಗೀನ ಕುಲುಕಿಸಿಕೋತ ಒಯ್ಯಾಕತ್ತೀರಲ್ಲ!" ಎಂದು ಮೂರೂ ಮಹಡಿಗೆ ಕೇಳುವಂತೆ ಬೈದಳು. ಬೈಯುತ್ತಲೇ ಮಗಳ ಪಕ್ಕ ಕುಳಿತು ಬೆನ್ನು ಸವರಿದಳು. "ಅಂಜಬ್ಯಾಡ ನನ್ನವ್ವಾ. ಉಸರು ಸಾವಕಾಶ ತಗೊ. ಏಳಬ್ಯಾಡ, ಇಲ್ಲೇ ಕುಂದ್ರು." ಮೊದಲ ಮಹಡಿಯವರ ಬಾಗಿಲು ಬಡಿದು ತೆಗೆಸಿ, ಇಬ್ಬರು ಹೆಂಗಸರನ್ನು ಕರೆದು, ಮಗಳನ್ನು ಕುರ್ಚಿಯಲ್ಲಿ ಕೂರಿಸಿಯೇ ಎತ್ತಿ ಒಳಗೆ ಒಯ್ದು ಮಲಗಿಸಿದಳು. ನಾನು ಚೀಲ ಹಿಡಿದುಕೊಂಡು ಹುಚ್ಚಿಯ ಹಾಗೆ ನಿಂತಿದ್ದೆ.

ಹತ್ತಿರದ ದವಾಖಾನೆಯ ಡಾಕ್ಟರು ಮನೆಗೇ ಬಂದು ನೋಡಿದರು. ಚಿಕ್ಕ ಯಂತ್ರವೊಂದನ್ನು ಹೊಟ್ಟೆಯ ಮೇಲಿಟ್ಟು ಕೂಸಿನ ಎದೆಬಡಿತವನ್ನು ನಮಗೆಲ್ಲ ಕೇಳಿಸಿದರು. ಟಕಟಕ ಟಕಟಕ. "ಏನೂ ಆಗಿಲ್ಲ. ಮಲಗಿಸಿ ಬಿಡ್ರಿ, ಸಾಕು" ಎಂದರು. ಆ ಮಾತು ಕೇಳಿ ನೆಲದ ಮೇಲೆ ಕುಳಿತುಬಿಟ್ಟೆ. ಅಷ್ಟು ಹಗುರ ನನಗೆ ಎಂದೂ ಅನಿಸಿರಲಿಲ್ಲ, ಅಷ್ಟು ನಾಚಿಕೆಯೂ ಆಗಿರಲಿಲ್ಲ. ತಲೆ ಎತ್ತಿ ನೋಡಿದರೆ ಹಾನಗಲ್ಲಾಕೆ ತನ್ನ ಕಾಯಿಪಲ್ಲೆ ಎತ್ತಿಕೊಂಡು ಮೇಲೆ ಹೋಗಿಯಾಗಿತ್ತು.

ಮುಂದಿನ ರವಿವಾರ ಪಾರ್ಕಿಂಗಿನಲ್ಲಿ ಸಭೆ. ನಾನೇ ಅರ್ಜಿ ಬರೆದು ಮುಂದಿಟ್ಟೆ: ಮಗಳಿಗೆ ಹೆರಿಗೆ ಬಾಣಂತನ ಮುಗಿಯುವವರೆಗೆ ಇಲ್ಲಿರಲು ಪರವಾನಗಿ ಕೊಡಬೇಕು. ಹಾಳೆ ಕೈಯಿಂದ ಕೈಗೆ ಹೋಯಿತು, ಎಲ್ಲರೂ ಸಹಿ ಹಾಕಿದರು. ಕೊನೆಗೆ ಹಾನಗಲ್ಲಾಕೆಯ ಕೈಗೆ ಬಂತು. ಆಕೆ ಪೂರ್ತಿ ಓದಿ ಪೆನ್ನಿನ ಟೊಪ್ಪಿಗೆ ಮುಚ್ಚಿದಳು.

"ನಾ ಸಹಿ ಮಾಡೂದಿಲ್ಲ."

ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡೆ. ಅಧ್ಯಕ್ಷರು, "ಹಿಂದಿನದೆಲ್ಲ ಈಗ ಬ್ಯಾಡ್ರಿ, ಹೊಟ್ಟ್ಯಾಗಿನ ಕೂಸಿನ ಮಾರಿ ನೋಡ್ರಿ" ಎಂದರು.

"ಕೂಸಿನ ಮಾರಿ ನೋಡೇ ಹೇಳಾಕತ್ತೇನ್ರಿ" ಎಂದಳು ಆಕೆ. "ನನ್ನ ಮಗಳನ್ನ ಇಲ್ಲಿಂದ ಹೊರಡಿಸಿದಿರಲ್ಲ, ಆಗ ಆಕಿಗೆ ಮೂರು ತಿಂಗಳು. ನಿಮಗ್ಯಾರಿಗೂ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ನನ್ನ ಸ್ವಂತ ಮನಿ ಇಲ್ಲಿ ಇಟಗೊಂಡು, ಮಗಳ ಬಾಣಂತನ ಮಂದಿ ಕೋಣ್ಯಾಗ ಮಾಡೇನಿ. ಎರಕೊಳ್ಳಾಕ ಬಚ್ಚಲಾ ಇಲ್ಲ, ಕಾಸಿಗೊಳ್ಳಾಕ ಬೆಂಕಿ ಇಡಾಕ ಜಾಗಾ ಇಲ್ಲ. ಐದು ತಿಂಗಳು ದಿನಾ ಎರಡು ಹೊತ್ತು ಬಿಸಿ ಅನ್ನಾ ಕಟಗೊಂಡು ಹೋಗೇನಿ."

ಆಕೆ ದಿನವೂ ಬುತ್ತಿ ಹಿಡಿದು ಹೋಗುವುದನ್ನು ನೋಡಿದ್ದೆ. ಸಿಟ್ಟಿನಲ್ಲಿ ಏನೆಂದು ಕೇಳಿಯೇ ಇರಲಿಲ್ಲ.

"ಅಕ್ಕೋರ ಮಗಳು ಇರಬೇಕು. ಹಡದು, ಕೂಸನ್ನ ಎತಗೊಂಡ ಹೋಗಬೇಕು. ಆದರ ಪರವಾನಗಿ ಮ್ಯಾಲೆ ಅಲ್ಲ" ಎಂದು ಅರ್ಜಿಯನ್ನು ನನ್ನ ಮಡಿಲಿಗೆ ಹಾಕಿದಳು. "ಮಗಳಿಗೆ ಯಾವ ಪರವಾನಗಿ? ನಮ್ಮನ್ನ ಸಾಯೂತನಕ ತವರೂರ ಹೆಸರಲೇ ಕರೀತೀರಿ. ಮಾಸೂರಾಕಿ, ಹಾನಗಲ್ಲಾಕಿ. ತವರಮನಿ ಪಟ್ಟಿಯಾಗ ಮಾತ್ರ ನಮ್ಮ ಹೆಸರು ಇರಬಾರದೇನು? ಆ ಮೂರನೇ ಕಲಮು ತಿದ್ರಿ. ಆಮ್ಯಾಲೆ ಯಾರ ಸಹೀನೂ ಬೇಕಾಗಿಲ್ಲ."

ಕೆಳಮಹಡಿಯ ಅಜ್ಜಿ, ಈ ಕಟ್ಟಡದಲ್ಲೇ ಹಿರಿಯಳು, ತನ್ನಷ್ಟಕ್ಕೆ ತಾನೇ, "ಹೌದಲ್ಲ, ನಾ ತವರಿಗೆ ಹ್ವಾದರ ಬೀಗರ ಏನು?" ಎಂದಳು. ಯಾರೋ ನಕ್ಕರು, ಆಮೇಲೆ ನಗು ಅಲ್ಲೇ ನಿಂತಿತು. ನಾನು ನೋಟುಬುಕ್ಕು ತೆರೆದು, ನನ್ನ ಮುತ್ತಿನಂಥ ಅಕ್ಷರದಲ್ಲಿದ್ದ "ಲಗ್ನವಾಗದ" ಎಂಬ ಪದವನ್ನು ಹೊಡೆದುಹಾಕಿದೆ. ಪೆನ್ನು ಒತ್ತಿದ ರಭಸಕ್ಕೆ ಹಾಳೆ ಹರಿಯಿತು. ಹಾಗೆಯೇ ಎಲ್ಲರ ಸಹಿಯ ಪರವಾನಗಿಯನ್ನೂ ತೆಗೆದೆವು. ಬೀಗರು ಬಂದು ಬಹಳ ದಿನ ಉಳಿದರೆ ಅಧ್ಯಕ್ಷರಿಗೆ ತಿಳಿಸಿದರೆ ಸಾಕು ಎಂದಾಯಿತು. ಯಜಮಾನರು ಪಕ್ಕದಿಂದ, "ಅಕ್ಕೋರು ತಮ್ಮ ತಪ್ಪು ತಿದ್ದಿದ್ದು ನಾ ನೋಡಿದ್ದು ಇದ ಮೊದಲು" ಎಂದರು. ಅವತ್ತು ಅವರ ಚುಚ್ಚುಮಾತೂ ನನಗೆ ಸಿಹಿಯಾಗಿತ್ತು.

ನಿಯಮ ತಿದ್ದಿದರೂ ಹಾನಗಲ್ಲಾಕೆಯ ಮಗಳು ಮಾತ್ರ ಈ ಕಟ್ಟಡದೊಳಗೆ ಕಾಲಿಡಲು ಒಪ್ಪಲಿಲ್ಲ. "ಒಮ್ಮೆ ಹೊರಗ ಹಾಕಿದಲ್ಲಿ ನಾ ಬರೂದಿಲ್ಲ" ಎಂದು ತಾಯಿಗೆ ಹೇಳಿದಳಂತೆ. ಹಾನಗಲ್ಲಾಕೆ ಮಾತ್ರ ದಿನಕ್ಕೊಮ್ಮೆ ಬಂದು ನನ್ನ ಮಗಳ ಕಾಲು ಒತ್ತಿ, ನನ್ನನ್ನು ಎರಡು ಮಾತು ಬೈದು ಹೋಗುತ್ತಿದ್ದಳು. ಆರು, ಏಳು, ಎಂಟು ತಿಂಗಳು ಕಳೆದವು. ಒಂಬತ್ತು ತುಂಬಿದ ಮೇಲೆ ಹುಬ್ಬಳ್ಳಿಯಲ್ಲಿ ಹೆಣ್ಣುಕೂಸು ಹುಟ್ಟಿತು. ಕರ್ರಗೆ, ಗುಂಡಗೆ, ಹುಟ್ಟುತ್ತಲೇ ಆಸ್ಪತ್ರೆ ಹಾರಿಹೋಗುವಂತೆ ಚೀರಿತು. ಸಿಟ್ಟು ನನ್ನದೇ ಎಂದು ಅಳಿಯ ನಕ್ಕ. ಎರಡು ಸಲ ಬರಿಗೈಯಲ್ಲಿ ಬಂದ ನನ್ನ ಮಗಳು ಕೂಸನ್ನು ಎದೆಗವಚಿಕೊಂಡು ಮಲಗಿದ್ದನ್ನು ನೋಡಿ, ಆಸ್ಪತ್ರೆಯ ಬಾಗಿಲಲ್ಲಿ ನಿಂತು ಮನಸಾರೆ ಅತ್ತೆ. ಸುಖದ ಅಳು ಅದು.

ಮಗಳನ್ನು ಮನೆಗೆ ಕರೆತರುವ ಹಿಂದಿನ ದಿನ ನಾನು ಪೇಟೆಯ ಹಿಂದಿನ ಆ ಕೋಣೆಗೆ ಹೋದೆ. ಹಾನಗಲ್ಲಾಕೆಯ ಮಗಳು ಬಾಗಿಲು ತೆರೆದಳು. ಒಳಗೆ ಒಂದು ಗಂಡುಕೂಸು ಪುಟ್ಟ ಹೆಜ್ಜೆ ಇಡುತ್ತ ಬಂದು ನನ್ನ ಸೀರೆಯ ನಿರಿಗೆ ಹಿಡಿಯಿತು. ಏನೇನೋ ಹೇಳಬೇಕೆಂದು ಹೋದವಳು, "ತಪ್ಪಾತವ್ವಾ" ಎಂದಷ್ಟೇ ಹೇಳಿದೆ. ಅವಳು ಚಹಾ ಸೋಸಿ ಮುಂದಿಟ್ಟಳು. "ಆರ್ತೈತ್ರಿ, ಕುಡೀರಿ" ಎಂದಳು. ಕುಡಿದು, ನಾಳೆ ಆರತಿಗೆ ಬಾ ಎಂದು ಕರೆದು ಬಂದೆ. ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.

ಮರುದಿನ ಕಾರು ಗೇಟಿನೊಳಗೆ ಬಂದಾಗ ಅವಳು ಬಂದಿದ್ದಳು. ಎರಡೂ ಮಕ್ಕಳನ್ನು ಕರೆದುಕೊಂಡು, ನಮ್ಮ ಬಾಗಿಲಿನಿಂದ ದೂರ, ಕಾರಿಡಾರಿನ ಕೊನೆಯಲ್ಲಿ, ಗೋಡೆಗೆ ಆತು ನಿಂತಿದ್ದಳು. ಬಾಣಂತಿ ಕೂಸನ್ನು ಎತ್ತಿಕೊಂಡು ಹೊಸ್ತಿಲಾಚೆ ನಿಂತಳು. ನಮ್ಮಲ್ಲಿ ಆ ಆರತಿ ಎತ್ತುವ ಹಕ್ಕು ಮನೆಯ ಹೆಣ್ಣುಮಗಳದು. ನನಗೆ ಇನ್ನೊಬ್ಬ ಮಗಳಿಲ್ಲ. ನೆರೆದ ಹೆಂಗಸರು ನಾದಿನಿಯತ್ತ ನೋಡಿದರು. ನಾನು ತಟ್ಟೆ ಹಿಡಿದು ಕಾರಿಡಾರಿನ ಕೊನೆಗೆ ಹೋದೆ.

"ನನ್ನ ಕೈಲೇ ಬ್ಯಾಡ್ರಿ ಅಕ್ಕೋರ" ಎಂದು ಅವಳು ಹಿಂದೆ ಸರಿದಳು. "ಗಂಡನ ಬಿಟ್ಟಾಕಿ ನಾ. ಮಂದಿ ಏನಂದಾರು?"

"ಮನಿ ಮಗಳ ಕೈಲೇ ಆಗಬೇಕವ್ವಾ. ಮಂದಿ ಏನರೆ ಅನ್ಲಿ" ಎಂದೆ.

ಅವಳು ಸೆರಗು ಸರಿಮಾಡಿಕೊಂಡು ತಟ್ಟೆ ಇಸಿದುಕೊಂಡಳು. ಹೊಸ್ತಿಲಲ್ಲಿ ನಿಂತು ತಾಯಿಗೂ ಕೂಸಿಗೂ ಆರತಿ ಎತ್ತಿದಳು, ದೃಷ್ಟಿ ತಾಗದಿರಲೆಂದು ರೊಟ್ಟಿ ನಿವಾಳಿಸಿ ಎಸೆದಳು. ಹಾನಗಲ್ಲಾಕೆ ಬಾಯಿಗೆ ಸೆರಗು ಒತ್ತಿಕೊಂಡು ನೋಡುತ್ತಿದ್ದಳು. ಕುಂಕುಮ ಹಚ್ಚಿ, ನನ್ನ ಮಗಳ ಕೈ ಹಿಡಿದು, ಹಾನಗಲ್ಲಾಕೆಯ ಮಗಳು ಎಲ್ಲರಿಗೂ ಕೇಳುವಂತೆ ಹೇಳಿದಳು: "ಬಾ ತಂಗಿ, ಒಳಗ ಬಾ. ಎಷ್ಟ ದಿನಾ ಬೇಕಾದರೂ ಇರು. ಇದು ನಿನ್ನ ಮನಿ."